ಮಾವನ ಕನ್ನಡಕದಲ್ಲಿ ಅಮ್ಮ

ನೀರಿನಲ್ಲಿ, ಗಾಜಿನಲ್ಲಿ, ತಿಕ್ಕಿ ಬೆಳಗಿದ ಪಾತ್ರೆಗಳಲ್ಲಿ ಮೂಡುವ ಬಿಂಬಗಳ ಫೋಟೋ ತೆಗೆಯುವವಳು ಎಂದೇ ನನ್ನನ್ನು ಜನ ಗುರುತಿಸುತ್ತಾರೆ. ಪ್ರದರ್ಶನಕ್ಕೆ ಬಂದವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಮನುಷ್ಯರನ್ನು ಎದುರಿಗೆ ನಿಲ್ಲಿಸಿ ಯಾಕೆ ತೆಗೆಯುವುದಿಲ್ಲ ಎಂದು. ಬೆಳಕಿನ ಬಗ್ಗೆಯೋ ಹೊಳೆಯ ಬಗ್ಗೆಯೋ ಏನಾದರೊಂದು ಹೇಳಿ ಜಾರಿಕೊಳ್ಳುತ್ತೇನೆ. ನಿಜ ಹೇಳಿದರೆ ಅವರು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟು ನನ್ನ ಮುಖ ನೋಡಿಯಾರು. ಈ ವಿದ್ಯೆಯನ್ನು ನಾನು ಕಲಿತದ್ದು ಸೇಡಿಗೆ. ನನ್ನ ಸೋದರಮಾವ ನಾರಾಯಣನ ಮೇಲಿನ ಸೇಡಿಗೆ. ಅವನ ಜಗಲಿಯಲ್ಲಿ, ಅವನದೇ ಕ್ಯಾಮೆರಾದಲ್ಲಿ, ಅವನ ಕಣ್ಣೆದುರಿಗೇ ಕಲಿತೆ. ಅವನು ಸತ್ತು ವರ್ಷ ಕಳೆಯಿತು. ನನ್ನ ಸಿಟ್ಟು ಕಳೆದಿಲ್ಲ. ಕಳೆಯಲಿ ಎಂಬ ಆಸೆಯೂ ನನಗಿಲ್ಲ.

ಮನೆ ಇದ್ದದ್ದು ಯಡ್ತರೆಯಲ್ಲಿ. ನಡೆದೇ ಬೈಂದೂರು ಪೇಟೆಗೆ ಹೋಗಿ ಬರಬಹುದಾದಷ್ಟು ಹತ್ತಿರ. ಹೆಂಚಿನ ಮನೆ, ಮುಂದೆ ಕೆಂಪು ಗಾರೆಯ ಜಗಲಿ, ಒಳಗೆ ಚಾವಡಿ, ಚಾವಡಿಯ ನಡುವೆ ಮಾವನ ಆರಾಮ ಕುರ್ಚಿ. ನಡುಕೋಣೆಯಲ್ಲಿ ಮಾವ, ಅತ್ತೆ, ಅವರ ಮಕ್ಕಳು ಶೋಭಾ ಮತ್ತು ಸತೀಶ ಮಲಗುತ್ತಿದ್ದರು. ಅಡುಗೆಮನೆಯ ಹಿಂದೆ ಸೌದೆ, ತೆಂಗಿನಕಾಯಿ ಒಟ್ಟುವುದಕ್ಕೆಂದು ಇಳಿಸಿದ ಒಂದು ಮಾಡು ಇತ್ತು. ಸೌದೆಯನ್ನು ಒಂದು ಗೋಡೆಗೆ ಸರಿಸಿ ಉಳಿದ ಜಾಗದಲ್ಲಿ ಚಾಪೆ ಹಾಸಿ ನಾನೂ ಅಮ್ಮನೂ ಮಲಗುತ್ತಿದ್ದೆವು. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿದ್ದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅಮ್ಮ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ನನ್ನನ್ನೂ ಹಿಡಿದುಕೊಂಡು ತಾನು ಹುಟ್ಟಿದ ಮನೆಗೆ ವಾಪಸು ಬಂದಳು. ಆಗ ನನಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲವಂತೆ. ಮನೆ ಅಜ್ಜಿಯದು, ಹಾಗಾಗಿ ಅಮ್ಮನಿಗೂ ಸೇರಿದ್ದು. ಅಜ್ಜಿ ಹೋದ ಮೇಲೆ ಆ ಮಾತನ್ನು ಯಾರೂ ಬಾಯಿಗೆ ತರಲಿಲ್ಲ.

ಮಾವ ಮೀನಿನ ವ್ಯಾಪಾರಿ. ದಡಕ್ಕೆ ಬಂದ ಮೀನನ್ನು ಕೊಂಡು, ಮಂಜುಗಡ್ಡೆ ಹಾಕಿ, ತನ್ನ ಲಾರಿಯಲ್ಲಿ ಊರಾಚೆಗೆ ಕಳಿಸುತ್ತಿದ್ದ. ಹೊರಗಿನವರ ಮುಂದೆ ಅವನ ಮಾತು ಬೆಣ್ಣೆ. ಯಾರದೇ ಮದುವೆಗೂ ಮೊದಲು ಹೋಗುವವನು, ಯಾರದೇ ಸಾವಿಗೂ ಹೆಗಲು ಕೊಡುವವನು. ಮನೆಯೊಳಗೆ ಕಾಲಿಟ್ಟರೆ ಅಮ್ಮನ ಹೆಸರು ಹಿಡಿದು ಕೂಗುವುದೇ ಅವನ ಮೊದಲ ಕೆಲಸ. ಬಿಸಿನೀರು ಕಾದಿಲ್ಲ, ಸಾರಿಗೆ ಹುಳಿ ಹೆಚ್ಚಾಯಿತು, ಅಂಗಿಯ ಗುಂಡಿ ಬಿತ್ತು, ಎಲ್ಲಕ್ಕೂ ಗಿರಿಜಾ. ಬಂಗುಡೆ ಸಾರು ಮಾಡಿದ ದಿನ ನಡುತುಂಡುಗಳು ಅವನಿಗೂ ಮಕ್ಕಳಿಗೂ, ಬಾಲದ ಕಡೆಯವು ಅತ್ತೆಗೂ ನನಗೂ. ಅಮ್ಮ ಕೊನೆಗೆ ಒಲೆಯ ಬುಡದಲ್ಲಿ ಕೂತು ಮಡಕೆಯ ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿಕೊಂಡು ಉಣ್ಣುತ್ತಿದ್ದಳು. ಅತ್ತೆ ಕೆಟ್ಟವಳಲ್ಲ. ಆದರೆ ಮಾವನ ಕಣ್ಣು ಅಮ್ಮನ ಮೇಲಿದ್ದಷ್ಟು ಹೊತ್ತು ತನ್ನ ಮೇಲೆ ಬೀಳುವುದಿಲ್ಲ ಎಂದು ಅವಳು ಬಹಳ ಬೇಗ ಕಲಿತುಕೊಂಡಿದ್ದಳು. ಹಾಗಾಗಿ ಅವಳು ಯಾವತ್ತೂ ಅಮ್ಮನ ಪರ ಬಾಯಿ ತೆರೆಯಲಿಲ್ಲ.

ಆ ಮನೆಗೆ ಕ್ಯಾಮೆರಾ ಬಂದದ್ದು ದುಬೈಯಿಂದ. ಮಾವನ ಸ್ನೇಹಿತನೊಬ್ಬ ರಜೆಯಲ್ಲಿ ಬಂದವನು ಕೊಟ್ಟುಹೋದ. ಮಾವನಿಗೆ ಫೋಟೋದಲ್ಲಿ ಬೀಳುವ ಹುಚ್ಚು. ಲಾರಿಗೆ ಒರಗಿ, ದೊಡ್ಡ ಅಂಜಲ್ ಮೀನನ್ನು ಎತ್ತಿ ಹಿಡಿದು, ಹೊಸ ಪಂಚೆ ಉಟ್ಟು ಜಗಲಿಯಲ್ಲಿ ಕೂತು. ಆದರೆ ತೆಗೆಯುವವರು ಬೇಕಲ್ಲ? ಅತ್ತೆ ತೆಗೆದರೆ ಲೆನ್ಸಿನ ಮೇಲೆ ಬೆರಳು ಬರುತ್ತಿತ್ತು. ಸತೀಶ ತೆಗೆದದ್ದರಲ್ಲಿ ಎಲ್ಲರ ತಲೆ ಹಾರಿಹೋಗಿತ್ತು. ಒಂದು ದಿನ ನನ್ನ ಕೈಗೆ ಕೊಟ್ಟು ನೋಡಿದ. ಬಂದ ಫೋಟೋ ತಿರುಗಿಸಿ ತಿರುಗಿಸಿ ನೋಡಿ ಹೇಳಿದ:

"ಈ ಹೆಣ್ಣಿನ ಕೈ ನಡ್ಗುದಿಲ್ಲೆ."

ಅವನ ಬಾಯಿಂದ ನನಗೆ ಬಂದ ಹೊಗಳಿಕೆ ಅದೊಂದೇ. ಅಂದಿನಿಂದ ಹಬ್ಬ ಬಂದಾಗೆಲ್ಲ ಅವನು ಕಪಾಟಿನ ಬೀಗ ತೆಗೆದು ಕ್ಯಾಮೆರಾವನ್ನು ನನ್ನ ಕೈಗೆ ಕೊಡುತ್ತಿದ್ದ, ಹಬ್ಬ ಮುಗಿದ ಕೂಡಲೇ ವಾಪಸು ಒಳಗಿಡುತ್ತಿದ್ದ.

ಆ ವರ್ಷದ ಚೌತಿಗೆ ಎಲ್ಲರೂ ಜಗಲಿಯಲ್ಲಿ ಗಣಪತಿಯ ಪಕ್ಕ ನಿಂತರು. ಅಮ್ಮನೂ ಸೆರಗು ಸರಿಮಾಡಿಕೊಂಡು ಅತ್ತೆಯ ಬದಿಗೆ ಬಂದು ನಿಂತಳು. ನಾನು ಕಣ್ಣಿಗೆ ಕ್ಯಾಮೆರಾ ಹಿಡಿದಿದ್ದೆ.

"ಗಿರ್ಜಾ, ನೀ ಎಂತಕ್ಕೆ ಅಲ್ಲ್ ನಿಂತದ್ದ್? ಆಚಿಗ್ ಹೋಗ್."

"ಎಲ್ಲಿಗ್ ಅಣ್ಣ?"

"ಕ್ಯಾಮ್ರದ ಹಿಂದೆ ಹೋಗ್. ನೀ ಫೋಟೋದೊಳ್ಗೆ ಬಪ್ಪುಕಾಗ. ಗಂಡ ಬಿಟ್ಟವ್ಳ್ ಹಬ್ಬದ ದಿನ ಫೋಟೋದೊಳ್ಗೆ ನಿಂತ್ರೆ ಮನಿಗ್ ಎಂತ ಕಳೆ ಇತ್ತ್?"

ಅಮ್ಮ ಮೆಟ್ಟಿಲಿಳಿದು ಅಂಗಳಕ್ಕೆ ಬಂದು ನನ್ನ ಹಿಂದೆ ನಿಂತಳು. ಅವಳ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ನಾನು ಗುಂಡಿ ಒತ್ತಿದೆ. ಮಾವ ನಗುತ್ತಿದ್ದ.

ಕುಂದಾಪುರದ ಸ್ಟುಡಿಯೋದಿಂದ ಪ್ರಿಂಟುಗಳು ಬಂದಾಗ ಮೊದಲು ನೋಡಿದವಳು ನಾನೇ. ಗಣಪತಿಯ ಬದಿಗೆ ನೀರು ತುಂಬಿಟ್ಟಿದ್ದ ಹಿತ್ತಾಳೆಯ ಕೊಡಪಾನವಿತ್ತು. ಹಬ್ಬದ ಹಿಂದಿನ ದಿನ ಅಮ್ಮ ಹುಣಸೆಹುಳಿ, ಬೂದಿ ಹಾಕಿ ತೋಳು ಸೋಲುವವರೆಗೆ ತಿಕ್ಕಿದ ಕೊಡಪಾನ. ಅದರ ಹೊಟ್ಟೆಯ ಮೇಲೆ ಸಣ್ಣದಾಗಿ, ಸ್ವಲ್ಪ ಡೊಂಕಾಗಿ, ಬಿಸಿಲಿನಲ್ಲಿ ಇಬ್ಬರು ನಿಂತಿದ್ದರು. ಕ್ಯಾಮೆರಾ ಹಿಡಿದ ಒಂದು ಹುಡುಗಿ, ಅವಳ ಹಿಂದೆ ಹಸಿರು ಸೀರೆಯ ಹೆಂಗಸು. ಮಾವ ಅವಳನ್ನು ಕ್ಯಾಮೆರಾದ ಹಿಂದೆ ಕಳಿಸಿದ್ದ. ಕ್ಯಾಮೆರಾದ ಎದುರಿಗೆ ಹೊಳೆಯುವ ವಸ್ತು ಏನೇ ಇರಲಿ, ಅದು ನೋಡುವುದು ಕ್ಯಾಮೆರಾದ ಹಿಂದೆ ಇದ್ದವರನ್ನೇ. ಅವನು ಅವಳನ್ನು ಎಲ್ಲಿ ನಿಲ್ಲಿಸಿದನೋ ಅದೇ ನನಗೆ ಬೇಕಾದ ಜಾಗವಾಗಿತ್ತು. ನನಗಾಗ ಹನ್ನೊಂದೋ ಹನ್ನೆರಡೋ. ಆ ಪ್ರಾಯದಲ್ಲಿ ಮಕ್ಕಳು ಏನೇನೋ ಆಗಬೇಕು ಎಂದುಕೊಳ್ಳುತ್ತಾರೆ. ನಾನು ಅಂದುಕೊಂಡದ್ದು ಒಂದೇ: ಈ ಮನುಷ್ಯನ ಒಂದು ಫೋಟೋದಲ್ಲೂ ಅಮ್ಮ ಇಲ್ಲದ ಹಾಗೆ ಆಗಬಾರದು.

ಅದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಂಗಳದಲ್ಲಿ ಮಂಜುಗಡ್ಡೆ ಕರಗಿ ನಿಂತ ನೀರಿನಲ್ಲಿ ತೆಗೆದರೆ ಆಕಾಶ ಮಾತ್ರ ಬಂತು. ಲಾರಿಯ ಮುಂದಿನ ಗಾಜಿನಲ್ಲಿ ತೆಗೆದರೆ ನನ್ನದೇ ತಲೆ ಅಮ್ಮನನ್ನು ಮುಚ್ಚಿತು. ಒಂದಡಿ ಬದಿಗೆ ಸರಿದರೆ ಬಿಂಬವೂ ಸರಿಯುತ್ತದೆ, ಮಂಡಿಯೂರಿದರೆ ನೀರಿನೊಳಗಿನ ಮನುಷ್ಯರು ಉದ್ದವಾಗುತ್ತಾರೆ, ಗಾಜಿನ ಹಿಂದೆ ಕತ್ತಲಿದ್ದರೆ ಮಾತ್ರ ಅದು ಕನ್ನಡಿಯಾಗುತ್ತದೆ, ಬಿಂಬವಾಗಬೇಕಾದವರು ಬಿಸಿಲಿನಲ್ಲಿರಬೇಕು, ಅವರ ಬೆನ್ನಿಗೆ ಕಪ್ಪು ಇದ್ದರೆ ಇನ್ನೂ ಚಂದ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಕ್ಯಾಮೆರಾ ಕೈಯಲ್ಲಿಲ್ಲದ ದಿನಗಳಲ್ಲಿ ಬರಿಗಣ್ಣಲ್ಲೇ ಅಭ್ಯಾಸ ಮಾಡುತ್ತಿದ್ದೆ. ಚಾವಡಿಯ ಶೋಕೇಸಿನ ಗಾಜು, ಆರಿಸಿದ ಟಿವಿ, ದೇವರ ಪಟಗಳು, ಸ್ಟೀಲ್ ಲೋಟ, ಬಾವಿಕಟ್ಟೆಯ ಕಲ್ಲುಮರಿಗೆಯಲ್ಲಿ ನಿಂತ ನೀರು, ಎಲ್ಲಿ ನಿಂತರೆ ಯಾವುದರಲ್ಲಿ ಯಾರು ಕಾಣುತ್ತಾರೆ ಎಂದು ನೋಡುತ್ತ ತಿರುಗುತ್ತಿದ್ದೆ. "ಈ ಹೆಣ್ಣಿಗ್ ಎಂತಾಯ್ತ್, ಇಡೀ ದಿನ ಕನ್ನಡಿ ಕಾಂತಿತ್ತಲೆ" ಎಂದು ಅತ್ತೆ ಗೊಣಗುತ್ತಿದ್ದಳು. ದೀಪಾವಳಿಯ ಫೋಟೋದಲ್ಲಿ ಅಮ್ಮ ಟಿವಿಯಲ್ಲಿದ್ದಳು. ಹೊಸ ಲಾರಿಯ ಪೂಜೆಯ ಫೋಟೋದಲ್ಲಿ ಗಾಜಿನ ತುಂಬ ಅವಳೇ. ಪ್ರಿಂಟುಗಳು ಅಂಗೈಯಗಲದವು, ಯಾರ ಕಣ್ಣಿಗೂ ಬೀಳಲಿಲ್ಲ. ಮಾವನಂತೂ ಫೋಟೋದಲ್ಲಿ ಮಾವನನ್ನು ಮಾತ್ರ ನೋಡುತ್ತಿದ್ದ.

ಒಂದು ಮಧ್ಯಾಹ್ನ ಹಿಂಬಾಗಿಲಿನ ಬೆಳಕಿಗೆ ಕೂತು ಲಾರಿಯ ಫೋಟೋ ನೋಡುತ್ತಿದ್ದೆ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹೆಗಲ ಮೇಲಿಂದ ಬಗ್ಗಿದಳು.

"ಗಾಜಿನೊಳ್ಗ್ ಇಪ್ಪುದ್ ನಾನಾ?"

"ಹೌದ್."

"ಬೇರೆದ್ರೊಳ್ಗೂ ಇತ್ತಾ?"

"ಎಲ್ಲದ್ರೊಳ್ಗೂ ಇತ್ತ್ ಅಮ್ಮ."

"ಮಾವ ಕಂಡ್ರೆ ನಿನ್ನ್ ಕೈ ಮುರಿತ್ರ್," ಎಂದು ಹೇಳಿ ಒಳಗೆ ಹೋದಳು. ಇನ್ನು ಕ್ಯಾಮೆರಾ ಮುಟ್ಟಬೇಡ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಮುಂದಿನ ಸಲ ಮಾವ ಎಲ್ಲರನ್ನೂ ಜಗಲಿಗೆ ಕರೆದಾಗ ಅಮ್ಮ ತಲೆ ಬಾಚಿ, ಅಬ್ಬಲಿಗೆ ಮುಡಿದು ಬಂದಿದ್ದಳು. ಯಾರೂ ಹೇಳುವ ಮೊದಲೇ ನೇರ ಅಂಗಳಕ್ಕಿಳಿದು ನನ್ನ ಹಿಂದೆ, ಬಿಸಿಲು ಬೀಳುವಲ್ಲಿ ನಿಂತಳು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ.

ಶೋಭಾಳ ಮದುವೆ ನಿಶ್ಚಯಕ್ಕೆ ಕೋಟದಿಂದ ಗಂಡಿನ ಕಡೆಯವರು ಬಂದಾಗ ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಅಮ್ಮ ನಸುಕಿನಲ್ಲೇ ಒಲೆ ಹೊತ್ತಿಸಿದ್ದಳು. ಚಾವಡಿಯಲ್ಲಿ ಸಾಲಾಗಿ ಬಾಳೆಎಲೆ ಹಾಕಿ ಊಟಕ್ಕೆ ಕೂರಿಸಿದರು. ಗಂಡಿನ ಅಜ್ಜಿ ಮಾವನ ಎದುರಿಗೆ ಕೂತಿದ್ದರು. ಬೆಳ್ಳಿಗೂದಲಿನ, ದೊಡ್ಡ ದನಿಯ ಹೆಂಗಸು. ಅಮ್ಮ ಪಾಯಸ ಬಡಿಸುತ್ತ ಅವರ ಎಲೆಯ ಹತ್ತಿರ ಬಂದಳು. ನಾನು ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಪಾಯ್ಸ ಬಾರಿ ಲಾಯ್ಕಾಯ್ತ್. ನೀನೇ ಮಾಡಿದ್ದಾ ಹೆಣ್ಣೇ? ಇವ್ಳ್ ಯಾರ್ ಮರಾಯ್ರೆ, ನಿಮ್ಗೆಂತ ಆಯ್ಕ್?"

ಮಾವ ಎಲೆಯಿಂದ ತಲೆ ಎತ್ತಲಿಲ್ಲ.

"ಅದಾ? ಅದ್ ಅಡ್ಗಿಗ್ ಬಪ್ಪುದ್. ಇಲ್ಲೇ ಹತ್ರದ್ದ್."

ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಒಂದು ಹನಿ ಪಾಯಸ ನೆಲಕ್ಕೆ ಬಿತ್ತು. ಆಮೇಲೆ ಅವಳು ಅಜ್ಜಿಯ ಎಲೆಗೆ ಬಡಿಸಿದಳು, ಪಕ್ಕದವರಿಗೆ ಬಡಿಸಿದಳು, ಸುತ್ತಿ ಬಂದು ಮಾವನ ಎಲೆಗೂ ಬಡಿಸಿದಳು. ಅತ್ತೆ ಉಪ್ಪಿನಕಾಯಿಯ ಪಾತ್ರೆ ನೋಡುತ್ತಿದ್ದಳು. ಶೋಭಾ ನೆಲ ನೋಡುತ್ತಿದ್ದಳು. ಅಷ್ಟು ದೊಡ್ಡ ಚಾವಡಿಯಲ್ಲಿ, ಅಮ್ಮ ಹುಟ್ಟಿದ ಮನೆಯಲ್ಲಿ, ಅದು ಸುಳ್ಳು ಎನ್ನುವವರು ಒಬ್ಬರೂ ಇರಲಿಲ್ಲ. ಎಷ್ಟೋ ಅವಮಾನಗಳನ್ನು ನಾನು ಆ ಮನೆಯಲ್ಲಿ ನೋಡಿದ್ದೆ. ಅಮ್ಮ ಅಲ್ಲಿ ಇಲ್ಲವೇ ಇಲ್ಲ ಎಂದು ಮಾಡಿದ್ದನ್ನು ಮಾತ್ರ ನುಂಗಲಾಗಲಿಲ್ಲ. ಆದರೆ ಕೈ ನಡುಗಲಿಲ್ಲ.

ಊಟವಾದ ಮೇಲೆ ಮಾವ ಜಗಲಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ವೀಳ್ಯ ಮೆಲ್ಲುತ್ತಿದ್ದ. ಮಾತುಕತೆ ಚೆನ್ನಾಗಿ ಮುಗಿದ ತೃಪ್ತಿ ಮುಖದಲ್ಲಿತ್ತು. ಆ ದಿನಕ್ಕೆಂದೇ ಮಾಡಿಸಿದ ಬಂಗಾರಬಣ್ಣದ ಅಂಚಿನ ದೊಡ್ಡ ಕನ್ನಡಕ ಹಾಕಿದ್ದ.

"ಹ್ವಾಯ್ ಹೆಣ್ಣೇ, ನಂದೊಂದ್ ಒಳ್ಳೆ ಫೋಟೋ ತೆಗಿ ಕಾಂಬ. ಹತ್ರದಿಂದ ತೆಗಿ, ಮುಖ ಕಾಣ್ಕ್."

ಹತ್ತಿರ ಹೋದೆ. ಅವನ ಕನ್ನಡಕದಲ್ಲಿ ಇಡೀ ಅಂಗಳವಿತ್ತು. ಅಂಚಿನಲ್ಲಿ ತೆಂಗಿನ ಮರ, ನಡುವೆ ಮಳೆಗೆ ನೆನೆದು ಕಪ್ಪಾದ ಹುಲ್ಲಿನ ಬಣವೆ, ನಮ್ಮ ಕಡೆಯ ಕುತ್ತರಿ. ಅಮ್ಮ ಪಾಯಸದ ಪಾತ್ರೆ ತೊಳೆಯಲೆಂದು ಬಾವಿಯ ಕಡೆ ಹೊರಟಿದ್ದಳು. ಕರೆದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಮಾವನ ಕನ್ನಡಕ ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಇಳಿಬಿಟ್ಟು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಕುತ್ತರಿಯ ಮುಂದೆ ಬಿಸಿಲಿನಲ್ಲಿ ಬಂದು ನಿಂತಳು.

"ಅದ್ ಎಂತಕ್ಕೆ ಅಲ್ಲ್ ನಿಂತದ್ದ್?" ಮಾವ ಕೇಳಿದ.

"ಅವ್ಳ್ ಫೋಟೋದೊಳ್ಗೆ ಬತ್ತಿಲ್ಲೆ ಮಾವ. ನನ್ನ್ ಹಿಂದೆ ಇದ್ದಳಲ್ದಾ. ನೀವ್ ಗಲ್ಲ ಚೂರ್ ಮೇಲ್ ಮಾಡಿ. ಹಾಂ, ಹಾಂಗೇ."

ನಾನು ಪಕ್ಕಕ್ಕೆ ಸರಿದು, ಕನ್ನಡಕದ ಎರಡು ಗಾಜುಗಳ ಮೇಲೆ ಫೋಕಸ್ ಮಾಡಿ ಒತ್ತಿದೆ.

ಅವನ ಬದುಕಿನಲ್ಲಿ ಅಷ್ಟು ಚಂದದ ಫೋಟೋ ಇನ್ನೊಂದು ಬರಲಿಲ್ಲ. ಅದು ಅವನಿಗೂ ಗೊತ್ತಾಯಿತು. ಕುಂದಾಪುರಕ್ಕೆ ಹೋಗಿ ಗೋಡೆಯ ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಚಾವಡಿಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ. ಎಲ್ಲರೂ ಅವನ ಮುಖದ ಕಳೆ ಹೊಗಳಿದರು. ನಾನು ದಿನಾ ಆ ಗೋಡೆಯನ್ನು ನೋಡುತ್ತ, ಯಾರಾದರೊಬ್ಬರು ಸ್ವಲ್ಪ ಹತ್ತಿರ ಹೋಗಲಿ ಎಂದು ಕಾಯುತ್ತಿದ್ದೆ. ಹಸಿದವರು ಅನ್ನಕ್ಕೆ ಕಾಯುವ ಹಾಗೆ.

ಹೋದವರು ಕೋಟದ ಅಜ್ಜಿ. ಮದುವೆಯ ಸೀರೆಗಳ ಮಾತಿಗೆಂದು ಗಂಡಿನ ಕಡೆಯವರು ಮತ್ತೆ ಬಂದಿದ್ದರು. ಅಜ್ಜಿ ಕೈಯಲ್ಲಿ ಚಹಾ ಲೋಟ ಹಿಡಿದು ಗೋಡೆಯ ಹತ್ತಿರ ನಡೆದು, ಕಣ್ಣು ಕಿರಿದು ಮಾಡಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಹ್ವಾಯ್, ನಿಮ್ ಕನ್ನಡ್ಕದೊಳ್ಗೆ ಯಾರೋ ಇದ್ರಲೆ!"

ಮಾವ ನಕ್ಕ. "ಯಾರ್ ಇರ್ತ್ರ್ ಅಮ್ಮ, ಬೆಳ್ಕ್ ಇಪ್ಪುದ್."

"ಬೆಳ್ಕಲ್ಲ. ಎರಡ್ ಗಾಜಿನೊಳ್ಗೂ ಇತ್ತ್. ಪಾತ್ರಿ ಹಿಡ್ಕಂಡ್ ನಿಂತದ್ದ್. ಅವತ್ತ್ ಪಾಯ್ಸ ಬಡ್ಸಿದ್ ಆ ಅಡ್ಗಿ ಹೆಂಗ್ಸ್ ಅಲ್ದಾ?"

ನಾನು ಆ ಮಾತಿಗಾಗಿಯೇ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

"ಅಡ್ಗಿ ಹೆಂಗ್ಸ್ ಅಲ್ಲ ಅಜ್ಜಿ. ನನ್ನಮ್ಮ. ಮಾವನ ಒಡಹುಟ್ಟಿದ್ ತಂಗಿ."

ಅಜ್ಜಿ ಫೋಟೋ ಬಿಟ್ಟು ಮನುಷ್ಯನ ಕಡೆ ತಿರುಗಿದರು.

"ಹೌದಾ ಮರಾಯ್ರೆ? ತಂಗಿಯಾ?"

ಅವನು ಅತ್ತೆಯನ್ನು ನೋಡಿದ. ಅತ್ತೆ ಈಗಲೂ ಬಾಯಿ ತೆರೆಯಲಿಲ್ಲ. ಆ ಒಂದು ಸಲ ಅವಳ ಮೌನ ನಮ್ಮ ಪರವಾಗಿತ್ತು. ಮಾವನ ಗಂಟಲಿನಿಂದ "ಹೌದ್" ಎಂಬ ಶಬ್ದ ಬಂತು. ಅದನ್ನು ನಾನು ಈಗಲೂ ಬೇಕಾದಾಗ ಕೇಳಿಸಿಕೊಳ್ಳುತ್ತೇನೆ.

"ತಂಗಿನ್ ಅಡ್ಗಿಯವ್ಳ್ ಅಂದವ್ರ್, ನಾಳಿಗ್ ನಮ್ ಮನಿಗ್ ಬಪ್ಪು ನಿಮ್ ಮಗ್ಳನ್ನ್ ಎಂತ ಅಂಬ್ರ್?" ಎಂದರು ಅಜ್ಜಿ. ಲೋಟ ಕೆಳಗಿಟ್ಟು ಸೀದಾ ಅಡುಗೆಮನೆಗೆ ಹೋದರು. ಅಮ್ಮನ ಕೈ ಹಿಡಿದು ಹೊರಗೆ ಕರೆತಂದು, ಮಾವನ ಆರಾಮ ಕುರ್ಚಿಯಲ್ಲಿ ಕೂರಿಸಿದರು. ಅಮ್ಮ ಕೂತಳು. ಏಳಲು ಹೋಗಲಿಲ್ಲ. ಶೋಭಾಳ ಮದುವೆ ನಿಲ್ಲಲಿಲ್ಲ, ನಿಲ್ಲಬೇಕೆಂದು ನನಗೂ ಇರಲಿಲ್ಲ. ಆದರೆ ಹೆಣ್ಣಿನ ಸೋದರತ್ತೆ ಮಂಟಪದಲ್ಲಿ ಮುಂದೆ ಕೂರಬೇಕು ಎಂದು ಅಜ್ಜಿ ಹೇಳಿಯೇ ಹೋದರು, ಮತ್ತು ಹಾಗೇ ಆಯಿತು.

ಅವರ ಕಾರು ತಿರುವು ದಾಟುವುದನ್ನೇ ಕಾದು ಮಾವ ನನ್ನ ಕೆನ್ನೆಗೆ ಹೊಡೆದ. ಕ್ಯಾಮೆರಾ ಕಪಾಟು ಸೇರಿತು, ಮತ್ತೆ ನನ್ನ ಕೈಗೆ ಬರಲಿಲ್ಲ. ಮರುದಿನ ಅವನು ಫೋಟೋವನ್ನು ಕಾಗದದಲ್ಲಿ ಸುತ್ತಿಕೊಂಡು ಸತೀಶನ ಜೊತೆ ಕುಂದಾಪುರಕ್ಕೆ ಹೋದ, ಅಮ್ಮನನ್ನು ಅಳಿಸಿ ಕೊಡಿ ಎಂದು. ಸ್ಟುಡಿಯೋದವರು ಏನೆಂದರೆಂದು ಸತೀಶ ಹಿತ್ತಿಲಿಗೆ ಬಂದು ನನಗೆ ಗುಟ್ಟಾಗಿ ಹೇಳಿದ.

"ಅದ್ ನಿಮ್ ಕಣ್ಣಿನ್ ಮೇಲೇ ಇತ್ತ್ ಮರಾಯ್ರೆ, ಅದ್ನ್ ಅಳ್ಸಿರೆ ನಿಮ್ ಕಣ್ಣೂ ಹೋತ್ತ್ ಅಂದ್ರ್. ಅಪ್ಪಯ್ಯ ಫೋಟೋ ಮತ್ತೆ ಸುತ್ಕಂಡ್ ಬಂದ್ರ್."

ಗೋಡೆಯಿಂದ ತೆಗೆದುಬಿಟ್ಟರೆ ಮದುವೆಗೆ ಬಂದವರೆಲ್ಲ ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಅದಕ್ಕೇ ಮತ್ತೆ ಅಲ್ಲೇ ತೂಗುಹಾಕಿದ. ಆರಾಮ ಕುರ್ಚಿಯನ್ನು ಮಾತ್ರ ಬೆನ್ನು ಆ ಗೋಡೆಗೆ ಬರುವ ಹಾಗೆ ತಿರುಗಿಸಿ ಹಾಕಿಕೊಂಡ. ತನ್ನದೇ ಮುಖಕ್ಕೆ ಬೆನ್ನು ಹಾಕಿ ಕೂತ ಅವನನ್ನು ನೋಡುತ್ತ ನಾನು ಆ ವರ್ಷ ಬಹಳ ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ.

ಮದುವೆಯ ಗಡಿಬಿಡಿ ಮುಗಿದ ಮೇಲೆ ಅಮ್ಮ ಒಂದು ಬೆಳಿಗ್ಗೆ ಚಾಪೆ ಸುತ್ತಿದಳು. ಕೋಟದ ಅಜ್ಜಿ ಬ್ರಹ್ಮಾವರದಲ್ಲಿದ್ದ ತಮ್ಮ ನೆಂಟರಿಗೆ ಹೇಳಿ ನಮಗೊಂದು ಕೋಣೆ ಕೊಡಿಸಿದ್ದರು. ಅಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ನೀರ್ದೋಸೆ ಮಾಡಿ ಮಾರಿದಳು, ತನ್ನ ಹೆಸರಿನಲ್ಲಿ. ನಾನು ಕಾಲೇಜು ಮುಗಿಸಿ ಬಂದು ಒಂದು ಸ್ಟುಡಿಯೋದಲ್ಲಿ ಕೂರುತ್ತಿದ್ದೆ, ಆಮೇಲೆ ನನ್ನದೇ ಮಾಡಿದೆ. ಯಡ್ತರೆಯಿಂದ ಹೊರಡುವಾಗ ನಾನು ತಂದದ್ದು ಬಟ್ಟೆ, ಪುಸ್ತಕ ಮತ್ತು ಆ ಫೋಟೋದ ನೆಗೆಟಿವ್. ಮುಂದೆ ಎಷ್ಟೋ ಹೊಳೆ, ಎಷ್ಟೋ ಕಿಟಕಿ, ಎಷ್ಟೋ ಮಳೆನೀರಿನ ಹೊಂಡಗಳನ್ನು ತೆಗೆದೆ. ನೋಡಿದವರು ಶಾಂತಿ ಇದೆ ಎನ್ನುತ್ತಾರೆ. ನಾನು ನೋಡುವಾಗ ಮೊದಲು ಹುಡುಕುವುದು ಇದರಲ್ಲಿ ಯಾರನ್ನು ಹೊರಗೆ ನಿಲ್ಲಿಸಿದ್ದಾರೆ ಎಂದು.

ಮಾವ ಸತ್ತ ದಿನ ಸತೀಶ ಫೋನ್ ಮಾಡಿದ.

"ಅಕ್ಕ, ಅಪ್ಪಯ್ಯಂದ್ ಆ ಕನ್ನಡ್ಕದ್ ಫೋಟೋ ಬಿಟ್ರೆ ಒಳ್ಳೇದ್ ಬೇರೆ ಇಲ್ಲೆ. ಬ್ಯಾನರ್ ಮಾಡ್ಸ್ಕ್. ನೆಗೆಟಿವ್ ನಿನ್ನ್ ಹತ್ರ ಇತ್ತಾ?"

"ಇತ್ತ್."

"ಈಗ ಕಂಪ್ಯೂಟ್ರಲ್ಲ್ ಅದ್ನ್ ತೆಗೂಕೆ ಆತ್ತ್ ಅಲ್ದಾ?"

"ಎಂತದ್ನ್?"

"ಅತ್ತಿನ." ಅವನ ಅತ್ತೆ, ಎಂದರೆ ನನ್ನ ಅಮ್ಮ.

"ಆತ್ತಿಲ್ಲೆ," ಎಂದೆ.

ಆಗುತ್ತಿತ್ತು. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ನಾನು ಕಂಪ್ಯೂಟರಿನ ಮುಂದೆ ಕೂತು ಬೇರೆ ಕೆಲಸ ಮಾಡಿದೆ. ಕುತ್ತರಿಯ ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿದೆ, ಅಮ್ಮನ ಮೇಲಿನ ಬಿಸಿಲನ್ನು ಇನ್ನಷ್ಟು ಬೆಳ್ಳಗೆ ಮಾಡಿದೆ, ಆಮೇಲೆ ಕಳಿಸಿದೆ.

ಬೈಂದೂರಿನಲ್ಲಿ ಹೆದ್ದಾರಿಯ ಬದಿಗೆ ಬ್ಯಾನರ್ ಕಟ್ಟಿದ್ದರು. ಅಮ್ಮ ತಾನೂ ನೋಡಬೇಕೆಂದಳು. ಈಗ ಅವಳಿಗೆ ಮೊಣಕಾಲು ಹಿಡಿಯುತ್ತದೆ, ಬಸ್ಸಿನ ಮೆಟ್ಟಿಲು ಹತ್ತಿಸಿ ಇಳಿಸಬೇಕು. ಉತ್ತರಕ್ರಿಯೆಯ ಮನೆಗೆ ಹೋಗುವುದು ಬೇಡ ಎಂದು ಅವಳೇ ಹೇಳಿದಳು. ಬ್ಯಾನರಿನಲ್ಲಿ ಮಾವನ ಮುಖ ಒಂದು ಬಾಗಿಲಿನಷ್ಟು ದೊಡ್ಡದಿತ್ತು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಎರಡು ಗಾಜಿನಲ್ಲೂ ಗೇಣುದ್ದದ ಅಮ್ಮ. ಶಾಲೆ ಬಿಟ್ಟ ಮಕ್ಕಳು ಅದನ್ನು ಬೆರಳು ಮಾಡಿ ತೋರಿಸುತ್ತ ಹೋದವು. ಅಮ್ಮ ರಸ್ತೆಯ ಈಚೆ ಬದಿ ನನ್ನ ತೋಳು ಹಿಡಿದು ನಿಂತು ನೋಡಿದಳು. ಅಣ್ಣನ ಬಗ್ಗೆ ಏನಾದರೂ ಹೇಳುತ್ತಾಳೇನೋ, ಅಳುತ್ತಾಳೇನೋ ಎಂದುಕೊಂಡೆ.

"ನಾ ಎಷ್ಟ್ ನೆಟ್ಟಗ್ ನಿಂತಿದ್ದೆ, ಕಾಣ್," ಎಂದಳು.

ಬ್ರಹ್ಮಾವರದ ಕಡೆಯ ಬಸ್ಸು ಬಂದು ನಮ್ಮ ಮುಂದೆಯೇ ನಿಂತಿತು. ನಾನು ಹತ್ತಿಸಲೆಂದು ಅವಳ ಕೈ ಹಿಡಿದೆ. ಅವಳು ಕದಲಲಿಲ್ಲ.

"ಇದ್ ಹೋಯ್ಲಿ. ಮುಂದಿನ್ ಬಸ್ಸಿಗ್ ಹೋಪ."